ನಂಬರ್ ಕೊಡದೆ ಗಿರಾಕಿ ಜೊತೆ ಮಾತಾಡೋದು: ಬಾಗಿಲಿಗೆ ಬಾಟ್ ಕೂರಿಸುವ ಪೂರ್ತಿ ವಿಧಾನ

ಕೊಪ್ಪಳದ ಸುತ್ತಮುತ್ತ ಮನೆಯಲ್ಲೇ ಕೌದಿ, ಬ್ಲೌಸ್ ಹೊಲಿದು ಫೋನಿನಲ್ಲಿ ಆರ್ಡರ್ ತಗೊಳ್ಳುವ ಹೆಣ್ಮಕ್ಕಳಿಗೆ ನಾನು ಭಾನುವಾರ ಮೊಬೈಲ್ ಕೆಲಸ ಹೇಳಿಕೊಡುತ್ತೇನೆ. ಇತ್ತೀಚೆಗೆ ಐದು ಗುಂಪಿನವರು ಒಬ್ಬರಾದ ಮೇಲೆ ಒಬ್ಬರು ಒಂದೇ ದೂರು ತಂದರು. "ಅಣ್ಣಾ, ಬಾಟ್ ಹಾಕೀವಿ. ಆದ್ರೂ ರಾತ್ರಿ ಹನ್ನೊಂದಕ್ಕ ಯಾರ್ಯಾರೋ ವಿಡಿಯೋ ಕಾಲ್ ಮಾಡಾಕತ್ತಾರ." ಬಾಟ್ ಅಂದರೆ ಮನುಷ್ಯರ ಬದಲು ತಾನಾಗಿ ಉತ್ತರ ಕೊಡುವ, ಕಾವಲು ಕಾಯುವ ಪ್ರೋಗ್ರಾಂ.

ಐದೂ ಫೋನ್ ಇಸ್ಕೊಂಡು ನೋಡಿದೆ. ಐದರಲ್ಲೂ ಒಂದೇ ತಪ್ಪು. ಮೊದಲು ಜನರನ್ನು ಸೇರಿಸಿದ್ದರು, ಆಮೇಲೆ ಬಾಟ್ ತಂದಿದ್ದರು, ತಮ್ಮ ಖಾತೆಯ ಸೆಟ್ಟಿಂಗ್ ಮಾತ್ರ ಮುಟ್ಟಿಯೇ ಇರಲಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಒಮ್ಮೆ ನಂಬರ್ ನೂರು ಜನರ ಕೈಗೆ ಹೋದರೆ ಯಾವ ಬಾಟೂ ಅದನ್ನು ವಾಪಸ್ ತರುವುದಿಲ್ಲ.

ಹಾಗಾಗಿ ಇಲ್ಲಿ ಹೇಳಿರುವ ಕ್ರಮ ಬದಲಿಸಬೇಡಿ. ಮೊದಲು ನಿಮ್ಮ ಟೆಲಿಗ್ರಾಂ ಖಾತೆ, ಆಮೇಲೆ ಕೋಣೆ (ಅಂದರೆ ಗ್ರೂಪ್), ಆಮೇಲೆ ಬಾಟ್, ಆಮೇಲೆ ಪರೀಕ್ಷೆ. ಜನ ಕೊನೆಗೆ.

## ಏನು ಕಟ್ಟುತ್ತಿದ್ದೇವೆ

ನಮ್ಮ ಕಡೆಯ ಹಳೇ ಮನೆ ನೆನಪಿಸಿಕೊಳ್ಳಿ. ಗುರುತಿಲ್ಲದವರು ಬಂದರೆ ಹೊರಗಿನ ಕಟ್ಟೆ ಮೇಲೆ ಕೂರುತ್ತಾರೆ. ಪರಿಚಯ ಆದವರು ಪಡಸಾಲೆಗೆ ಬರುತ್ತಾರೆ. ಒಳಮನೆಗೆ ಮನೆಯವರು ಮಾತ್ರ. ಫೋನಿನಲ್ಲೂ ಹಾಗೇ ಮಾಡೋಣ.

ಕಟ್ಟೆ ಅಂದರೆ ನಿಮ್ಮದೇ ಒಂದು ಬಾಟ್. ಹೊಸ ಗಿರಾಕಿ ಅದರ ಜೊತೆ ಮಾತಾಡುತ್ತಾರೆ, ನಿಮ್ಮ ಜೊತೆ ಅಲ್ಲ. ಪಡಸಾಲೆ ಅಂದರೆ ಹಳೇ ಗಿರಾಕಿಗಳ ಗ್ರೂಪ್. ಅದರ ಬಾಗಿಲಲ್ಲಿ ಕಾವಲು ಬಾಟ್ ಇರುತ್ತದೆ. ಒಳಮನೆ ಅಂದರೆ ಹೊಲಿಯುವವರು ಮಾತ್ರ ಇರುವ ಗ್ರೂಪ್. ಅಲ್ಲಿ ಯಾವ ಬಾಟೂ ಇರಬಾರದು. ಬಟ್ಟೆಯನ್ನು ಮುಖಾಮುಖಿ ತೋರಿಸಬೇಕಾದಾಗ ಒಂದು ವಿಡಿಯೋ ಕೋಣೆ.

ಇದಕ್ಕೆ ಟೆಲಿಗ್ರಾಂ ಆರಿಸಿಕೊಂಡಿದ್ದೇನೆ. ವಾಟ್ಸಾಪ್ ಗ್ರೂಪಿನಲ್ಲಿ ಸದಸ್ಯರ ನಂಬರ್ ಒಬ್ಬರಿಗೊಬ್ಬರಿಗೆ ಕಾಣುತ್ತದೆ. ಟೆಲಿಗ್ರಾಂನಲ್ಲಿ ಅದನ್ನು ಮುಚ್ಚಬಹುದು. ಆದರೆ ಟೆಲಿಗ್ರಾಂ ಗ್ರೂಪಿನ ಮಾತಿಗೆ ತುದಿಯಿಂದ ತುದಿಗೆ ಗೂಢಲಿಪಿ (ಕಳಿಸಿದವರು, ಪಡೆದವರು ಬಿಟ್ಟು ನಡುವಿನ ಕಂಪನಿಗೂ ಓದಲು ಬಾರದ ರಕ್ಷಣೆ) ಇಲ್ಲ, ವಾಟ್ಸಾಪಿನಲ್ಲಿ ಇದೆ. ಟೆಲಿಗ್ರಾಂ ಸಂದೇಶಗಳಲ್ಲಿ ಆ ರಕ್ಷಣೆ ಇಬ್ಬರ ನಡುವಿನ ಸೀಕ್ರೆಟ್ ಚಾಟ್‌ಗೆ ಮಾತ್ರ. ಆದ್ದರಿಂದ ಆಧಾರ್, ಪಾಸ್‌ಬುಕ್, ಮಕ್ಕಳ ಫೋಟೋ ಇವನ್ನು ಗ್ರೂಪಿಗೆ ಹಾಕುವ ಮಾತೇ ಇಲ್ಲ.

## ಬೇಕಾದ ಸಾಮಾನು

ಒಂದು ಸ್ಮಾರ್ಟ್‌ಫೋನ್. ಪರೀಕ್ಷೆ ಮಾಡಲು ಅರ್ಧ ಗಂಟೆ ಮಟ್ಟಿಗೆ ಇನ್ನೊಬ್ಬರ ಫೋನ್. ಸಾಧ್ಯವಾದರೆ ವ್ಯಾಪಾರಕ್ಕೇ ಅಂತ ಬೇರೆ ಸಿಮ್, ನಿಮ್ಮ ಹೆಸರಿನಲ್ಲೇ ತಗೊಂಡದ್ದು. ಪಾಸ್‌ವರ್ಡ್ ಬರೆದಿಡಲು ನೋಟ್‌ಬುಕ್. ಪಾಸ್‌ವರ್ಡನ್ನು ಫೋಟೋ ತೆಗೆದು ಗ್ಯಾಲರಿಯಲ್ಲಿ ಇಡಬೇಡಿ.

ಅಡ್ಮಿನ್ ಆಗಲು ಇಬ್ಬರು ಬೇಕು. ಒಬ್ಬರೇ ಇದ್ದು ಅವರ ಫೋನ್ ಕಳೆದರೆ ಮನೆ ಕೀಲಿಯೇ ಕಳೆದಂತೆ. ನಾಲ್ಕೈದು ಜನ ಆದರೆ ಯಾರು ಏನು ಬದಲಿಸಿದರು ಅಂತ ಗೊತ್ತಾಗುವುದಿಲ್ಲ.

## ಹಂತ 1: ಮೊದಲು ನಿಮ್ಮ ಖಾತೆಗೆ ಬೀಗ

ಟೆಲಿಗ್ರಾಂ ತೆರೆದು ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಅಂಡ್ ಸೆಕ್ಯುರಿಟಿಗೆ ಹೋಗಿ. ಈ ಹಂತದ ಕೆಲಸ ಬಹುಪಾಲು ಅಲ್ಲೇ ಇದೆ.

1. ಟೂ-ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ. ಇನ್ನು ಮೇಲೆ ಯಾರಾದರೂ ನಿಮ್ಮ ಒಟಿಪಿ ಕದ್ದರೂ ಈ ಪಾಸ್‌ವರ್ಡ್ ಇಲ್ಲದೆ ಒಳಗೆ ಬರಲಾರರು. ರಿಕವರಿ ಇಮೇಲ್ ಕೇಳಿದಾಗ "ಸ್ಕಿಪ್" ಒತ್ತಬೇಡಿ. ಪಾಸ್‌ವರ್ಡ್ ಮರೆತ ದಿನ ಕಾಪಾಡುವುದು ಅದೇ.

2. ಫೋನ್ ನಂಬರ್ ಅನ್ನುವ ಕಡೆ, ಯಾರಿಗೆ ಕಾಣಬೇಕು ಅಂದರೆ "ನೋಬಡಿ". ಅದನ್ನು ಆರಿಸಿದ ಕೂಡಲೇ ಕೆಳಗೆ ಇನ್ನೊಂದು ಪ್ರಶ್ನೆ ಬರುತ್ತದೆ. ನಿಮ್ಮ ನಂಬರ್ ಇದ್ದವರಲ್ಲಿ ಯಾರು ನಿಮ್ಮನ್ನು ಹುಡುಕಬಹುದು ಅಂತ. ಅಲ್ಲಿ "ಮೈ ಕಾಂಟ್ಯಾಕ್ಟ್ಸ್". ಈ ಎರಡನೇ ಪ್ರಶ್ನೆಯನ್ನು ನೋಡದೆ ಹಿಂದೆ ಬರುವವರೇ ಜಾಸ್ತಿ.

3. ಕಾಲ್ಸ್, ಪ್ರೊಫೈಲ್ ಫೋಟೋ, ಗ್ರೂಪಿಗೆ ಸೇರಿಸುವ ಅವಕಾಶ, ಮೂರನ್ನೂ "ಮೈ ಕಾಂಟ್ಯಾಕ್ಟ್ಸ್" ಮಾಡಿ. ರಾತ್ರಿಯ ಕಾಲ್ ಕಾಟ ಬಹುಪಾಲು ಇಲ್ಲೇ ನಿಲ್ಲುತ್ತದೆ.

4. ಯೂಸರ್‌ನೇಮ್‌ನಲ್ಲಿ ಹುಟ್ಟಿದ ವರ್ಷ, ಊರು, ಫೋನಿನ ಕೊನೆಯ ಅಂಕಿಗಳು ಬೇಡ.

5. ಡಿವೈಸಸ್ ತೆರೆದು ನೋಡಿ. ನಿಮ್ಮದಲ್ಲದ ಫೋನ್, ಕಂಪ್ಯೂಟರ್ ಕಂಡರೆ ಅಲ್ಲೇ ಹೊರಗೆ ಹಾಕಿ. ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಯಲು ಲಾಗಿನ್ ಆಗಿ ಹಾಗೇ ಬಿಟ್ಟು ಬಂದವರು ನಮ್ಮಲ್ಲೇ ಮೂವರು ಇದ್ದರು.

ಇಷ್ಟು ಮಾಡಿದ ಮೇಲೂ ನಂಬರ್ ಸೋರುವ ಮೂರು ತೂತುಗಳಿವೆ. ಇವು ಗೊತ್ತಿಲ್ಲದೆ ಸುಸ್ತಾದವರು ಬಹಳ ಮಂದಿ.

ಮೊದಲನೆಯದು, ಹೊಸಬರನ್ನು ಕಾಂಟ್ಯಾಕ್ಟ್‌ಗೆ ಸೇರಿಸುವಾಗ ಕೆಳಗೆ "ಶೇರ್ ಮೈ ಫೋನ್ ನಂಬರ್" ಅಂತ ಒಂದು ಟಿಕ್ ಗುರುತು ಮೊದಲೇ ಬಿದ್ದಿರುತ್ತದೆ. ತೆಗೆಯದೆ ಸೇವ್ ಮಾಡಿದರೆ ನಂಬರ್ ಹೋಯಿತು. ಎರಡನೆಯದು, ಕೆಲವು ಬಾಟ್‌ಗಳು ಕೆಳಗೆ ದೊಡ್ಡ ಗುಂಡಿ ತೋರಿಸಿ ಕಾಂಟ್ಯಾಕ್ಟ್ ಕೇಳುತ್ತವೆ. ಒತ್ತಿ, "ಸರಿ" ಅಂದರೆ ನಂಬರ್ ಬಾಟ್ ನಡೆಸುವವರಿಗೆ ಸೇರುತ್ತದೆ.

ಮೂರನೆಯದು ಯುಪಿಐ ಐಡಿ. ಎಷ್ಟೋ ಜನರ ಐಡಿ ಶುರುವಾಗುವುದೇ ಫೋನ್ ನಂಬರಿನಿಂದ. ಕೌದಿ ಹೊಲಿಯುವ ಒಬ್ಬ ಅಕ್ಕ ಎಲ್ಲ ಸೆಟ್ಟಿಂಗ್ ಸರಿಯಾಗಿ ಮಾಡಿದ್ದರು. ಆದರೂ ಕಾಲ್ ನಿಂತಿರಲಿಲ್ಲ. ಅವರು ಗಿರಾಕಿಗಳಿಗೆ ಕಳಿಸುತ್ತಿದ್ದ ಕ್ಯೂಆರ್ ಕೋಡ್ ಚಿತ್ರ ತೆರೆದು ಹಿಗ್ಗಿಸಿದೆ. ಕಪ್ಪು ಚೌಕದ ಕೆಳಗೆ, ಸಣ್ಣ ಅಕ್ಷರದಲ್ಲಿ, ಹತ್ತೂ ಅಂಕಿ ಇದ್ದವು. ಪೇಮೆಂಟ್ ಆ್ಯಪ್‌ನಲ್ಲಿ ಅಕ್ಷರಗಳಿರುವ ಬೇರೆ ಯುಪಿಐ ಐಡಿ ಮಾಡಿಕೊಂಡು, ಅದರ ಕ್ಯೂಆರ್ ಮಾತ್ರ ಕಳಿಸಿ. ಹಣ ಹಾಕುವವರಿಗೆ ಬ್ಯಾಂಕಿನಲ್ಲಿರುವ ನಿಮ್ಮ ಹೆಸರು ಕಂಡೇ ಕಾಣುತ್ತದೆ. ಅದನ್ನು ತಪ್ಪಿಸಲು ಆಗುವುದಿಲ್ಲ.

## ಹಂತ 2: ಪಡಸಾಲೆ ಕಟ್ಟುವುದು

ಹೊಸ ಗ್ರೂಪ್ ಮಾಡಿ. ಈಗ ಅದರಲ್ಲಿ ನೀವು ಮತ್ತು ಎರಡನೇ ಅಡ್ಮಿನ್ ಇಬ್ಬರೇ. ಗಿರಾಕಿಗಳನ್ನು ಸೇರಿಸುವ ಆಸೆ ತಡೆದುಕೊಳ್ಳಿ.

ಗ್ರೂಪ್ ಪ್ರೈವೇಟ್ ಇರಲಿ. ಹೊಸದಾಗಿ ಬರುವವರಿಗೆ ಹಳೇ ಮಾತು ಕಾಣದ ಹಾಗೆ ಚಾಟ್ ಹಿಸ್ಟರಿಯನ್ನು "ಹಿಡನ್" ಮಾಡಿ.

ಆಮೇಲೆ ಪರ್ಮಿಶನ್ಸ್. ಸದಸ್ಯರಿಗೆ ಪಠ್ಯ ಮತ್ತು ಫೋಟೋ ಸಾಕು. ಬೇರೆಯವರನ್ನು ಸೇರಿಸುವುದು, ಗ್ರೂಪಿನ ಹೆಸರು ಬದಲಿಸುವುದು, ಸಂದೇಶ ಪಿನ್ ಮಾಡುವುದು, ಫೈಲ್ ಕಳಿಸುವುದು, ಎಲ್ಲ ಆಫ್. ಫೈಲ್ ಆಫ್ ಮಾಡುವುದು ತುಂಬ ಮುಖ್ಯ. ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚೀಟಿ, ಪಿಎಂ ಕಿಸಾನ್ ಪಟ್ಟಿ ಅಂತ ಹೆಸರಿಟ್ಟು ಬರುವ, ಆ್ಯಪ್ ಇನ್‌ಸ್ಟಾಲ್ ಮಾಡುವ ಎಪಿಕೆ ಫೈಲ್‌ಗಳು ಇದೇ ದಾರಿಯಲ್ಲಿ ಬರುತ್ತವೆ. ಅದನ್ನು ಇನ್‌ಸ್ಟಾಲ್ ಮಾಡಿ ಕೇಳಿದ ಅನುಮತಿ ಕೊಟ್ಟರೆ ನಿಮ್ಮ ಎಸ್ಸೆಮ್ಮೆಸ್, ಅದರಲ್ಲಿ ಬರುವ ಒಟಿಪಿ, ಬೇರೆಯವರ ಕೈಗೆ ಸಿಗುತ್ತದೆ.

ಇನ್ವೈಟ್ ಲಿಂಕ್ ಹೊಸದಾಗಿ ಮಾಡಿ. ಅದರಲ್ಲಿ ಅಡ್ಮಿನ್ ಒಪ್ಪಿಗೆ ಬೇಕು ಅನ್ನುವ ಆಯ್ಕೆ ಆನ್ ಮಾಡಿ, ಒಂದು ದಿನ ಅಥವಾ ಒಂದು ವಾರದ ಗಡುವು ಹಾಕಿ. ಗ್ರೂಪಿನ ಜೊತೆ ತಾನಾಗಿ ಹುಟ್ಟುವ ಲಿಂಕ್‌ಗೆ ಗಡುವೂ ಇಲ್ಲ, ಒಪ್ಪಿಗೆಯೂ ಬೇಡ. ಅದನ್ನು ಯಾರಿಗೂ ಕೊಡಬೇಡಿ. ಯಾವ ಲಿಂಕ್ ಆದರೂ ಸ್ಟೇಟಸ್‌ಗೆ ಹಾಕಿಬಿಟ್ಟಿದ್ದರೆ ಇವತ್ತೇ ರಿವೋಕ್, ಅಂದರೆ ರದ್ದು, ಮಾಡಿ.

ಸ್ಲೋ ಮೋಡ್ ಅಂತ ಒಂದಿದೆ. ಒಬ್ಬರು ಒಂದು ಸಂದೇಶ ಹಾಕಿದ ಮೇಲೆ ಇನ್ನೊಂದಕ್ಕೆ ಇಷ್ಟು ಹೊತ್ತು ಕಾಯಬೇಕು ಅನ್ನುವ ಕಟ್ಟು. ಸುಮ್ನೆ 30 ಸೆಕೆಂಡ್ ಇಟ್ಟರೆ ಸಾಕು.

ಇಲ್ಲಿ ಒಂದು ಮಾತು ಸೇರಿಸಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟ್‌ಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಆ ರಾತ್ರಿ ನಾನಿದ್ದ ರೈತರ ಗ್ರೂಪಿನಲ್ಲಿ ಫಾರ್ವರ್ಡ್‌ಗಳು ಎಷ್ಟು ಬಂದವೆಂದರೆ, ಒಬ್ಬರು ಹಾಕಿದ್ದ ಸರಿಯಾದ ಸೂಚನೆ ಹತ್ತೇ ನಿಮಿಷದಲ್ಲಿ ಮೇಲೆ ಹೋಗಿ ಕಣ್ಮರೆಯಾಯಿತು. ಹೊಳೆ ದಂಡೆಯ ಊರಿನವರು ಯಾವುದನ್ನು ನಂಬಬೇಕು ಅಂತ ಕೇಳುತ್ತಲೇ ಇದ್ದರು. ಅಂಥ ಹೊತ್ತಿನಲ್ಲಿ ಪರ್ಮಿಶನ್ಸ್‌ಗೆ ಹೋಗಿ "ಸೆಂಡ್ ಮೆಸೇಜಸ್", "ಸೆಂಡ್ ಮೀಡಿಯಾ" ಎರಡನ್ನೂ ಆಫ್ ಮಾಡಿ. ಅಡ್ಮಿನ್ ಮಾತ್ರ ಬರೆಯಲು ಆಗುತ್ತದೆ. ಜಿಲ್ಲಾಡಳಿತದ ಒಂದು ಸೂಚನೆ ಹಾಕಿ ಪಿನ್ ಮಾಡಿ. ಗಲಾಟೆ ಇಳಿದ ಮೇಲೆ ಮತ್ತೆ ತೆರೆಯಿರಿ. ರೈತರ ಗ್ರೂಪ್ ನಡೆಸುವವರು ಇದನ್ನು ಈಗಲೇ ಒಮ್ಮೆ ಮಾಡಿ ಕಲಿತಿರಿ, ಆ ರಾತ್ರಿ ಬಂದಾಗ ಹುಡುಕುತ್ತಾ ಕೂರುವ ಹಾಗಾಗಬಾರದು.

## ಹಂತ 3: ಬಾಗಿಲಿಗೆ ಕಾವಲು ಬಾಟ್

ಕಾವಲಿಗೆ ನಾನು ರೋಸ್ ಅನ್ನುವ ಬಾಟ್ ಬಳಸುತ್ತೇನೆ. ದುಡ್ಡಿಲ್ಲ. ಅದರ ಯೂಸರ್‌ನೇಮ್ ಮಿಸ್‌ರೋಸ್, ಅಂಡರ್‌ಸ್ಕೋರ್, ಬಾಟ್. ಒಂದಕ್ಷರ ಆಚೀಚೆ ಮಾಡಿದ ನಕಲಿಗಳು ಇರಬಹುದು, ಒಂದೊಂದೇ ಅಕ್ಷರ ಕೂಡಿಸಿ ಓದಿ. ನಕಲಿ ಬಾಟ್‌ಗೆ ಅಡ್ಮಿನ್ ಪಟ್ಟ ಕೊಟ್ಟರೆ ಕಳ್ಳನನ್ನೇ ಕಾವಲಿಗೆ ಇಟ್ಟ ಹಾಗೆ.

ಗ್ರೂಪಿಗೆ ಸೇರಿಸಿ ಅಡ್ಮಿನ್ ಮಾಡುವಾಗ ಅಧಿಕಾರಗಳ ಪಟ್ಟಿ ಬರುತ್ತದೆ. ಎರಡು ಮಾತ್ರ ಆನ್ ಇರಲಿ: ಸಂದೇಶ ಅಳಿಸುವುದು, ಸದಸ್ಯರನ್ನು ಹೊರಹಾಕುವುದು. "ಆ್ಯಡ್ ನ್ಯೂ ಅಡ್ಮಿನ್ಸ್" ಯಾವ ಬಾಟ್‌ಗೂ ಬೇಡ. ಇಲ್ಲೇ ಎಲ್ಲರೂ ಅವಸರ ಮಾಡಿ ಎಲ್ಲ ಗುಂಡಿ ಆನ್ ಮಾಡಿಬಿಡುತ್ತಾರೆ.

ಆಮೇಲೆ ಗ್ರೂಪಿನಲ್ಲೇ ಈ ಆಜ್ಞೆಗಳನ್ನು ಬರೆಯಿರಿ. ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ. ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು, ಓರೆ ಗೆರೆ ಆದಮೇಲೆ ಜಾಗ ಬಿಡಬಾರದು.

1. /ಕ್ಯಾಪ್ಚಾ ಆನ್. ಹೊಸಬರು ಬಂದ ಕೂಡಲೇ ಬಾಯಿ ಕಟ್ಟಿರುತ್ತದೆ. ತಾನು ಮನುಷ್ಯ ಅಂತ ಗುಂಡಿ ಒತ್ತಿ ತೋರಿಸಿದ ಮೇಲೇ ಮಾತು. ಲೆಕ್ಕ ಕೇಳುವ ಕ್ಯಾಪ್ಚಾನೂ ಇದೆ, ಆದರೆ ಓದು ಬರಹ ಕಡಿಮೆ ಇರುವ ಗಿರಾಕಿಗೆ ಅದು ಕಷ್ಟ.

2. /ಲಾಕ್ ಯುಆರ್‌ಎಲ್, ಆಮೇಲೆ /ಲಾಕ್ ಫಾರ್ವರ್ಡ್. ಸದಸ್ಯರು ಹಾಕುವ ಲಿಂಕ್, ಫಾರ್ವರ್ಡ್ ಎರಡನ್ನೂ ಬಾಟ್ ತಾನೇ ಅಳಿಸುತ್ತದೆ. ಅಡ್ಮಿನ್‌ಗಳಿಗೆ ಇದು ತಟ್ಟುವುದಿಲ್ಲ.

3. /ಸೆಟ್‌ಫ್ಲಡ್ 5. ಒಬ್ಬರೇ ಸಾಲಾಗಿ ಸಂದೇಶ ಸುರಿಯತೊಡಗಿದರೆ ಬಾಟ್ ತಡೆಯುತ್ತದೆ.

4. /ಸೆಟ್‌ರೂಲ್ಸ್ ಅಂತ ಬರೆದು ಮುಂದೆ ನಿಮ್ಮ ನಿಯಮ. ಕನ್ನಡದಲ್ಲೇ ಬರೆಯಿರಿ.

ನಿಯಮ ಚಿಕ್ಕದಿರಲಿ. ನಮ್ಮ ಗುಂಪಿನದು ಹೀಗಿದೆ (ಇದರಲ್ಲಿ ಆರ್ಡರ್ ಬಾಟ್ ಅಂದರೆ ಕಟ್ಟೆಯ ಬಾಟ್): "ಇಲ್ಲಿ ಬಟ್ಟೆ, ಅಳತೆ, ರೇಟಿನ ಮಾತು ಮಾತ್ರ. ಯಾರಿಗೂ ಖಾಸಗಿಯಾಗಿ ಮೆಸೇಜ್ ಮಾಡಬೇಡಿ. ಹಣ ಕೇಳುವುದು ಆರ್ಡರ್ ಬಾಟ್ ಮಾತ್ರ. ಅಡ್ಮಿನ್ ಯಾವತ್ತೂ ಒಟಿಪಿ ಕೇಳುವುದಿಲ್ಲ." ಯಾರಾದರೂ ಮೀರಿದರೆ ಅವರ ಸಂದೇಶಕ್ಕೆ ಉತ್ತರವಾಗಿ /ವಾರ್ನ್ ಅಂತ ಬರೆಯಿರಿ. ಜಗಳಕ್ಕೆ ಇಳಿಯಬೇಡಿ. ಬಾಟ್ ಎಚ್ಚರಿಕೆಯ ಲೆಕ್ಕ ಇಟ್ಟುಕೊಂಡು, ಮಿತಿ ದಾಟಿದ ಮೇಲೆ ಕ್ರಮ ತಗೊಳ್ಳುತ್ತದೆ.

ಅಡ್ಮಿನ್ ಆದ ಬಾಟ್‌ಗೆ ಗ್ರೂಪಿನ ಪ್ರತಿ ಮಾತೂ ತಲುಪುತ್ತದೆ. ಕಾವಲಿಗೆ ಅದು ಬೇಕು ನಿಜ. ಆದರೆ ಮನೆಯ ಕಷ್ಟ, ಸಂಘದ ಸಾಲ, ಯಾರ ಗಂಡ ಊರಲ್ಲಿಲ್ಲ ಅನ್ನುವುದನ್ನೆಲ್ಲ ಹೊರಗಿನ ಬಾಟ್ ಇರುವ ಕೋಣೆಯಲ್ಲಿ ಮಾತಾಡಬಾರದು. ಅದಕ್ಕೇ ಒಳಮನೆಯಲ್ಲಿ ಬಾಟ್ ಬೇಡ ಅಂದದ್ದು.

## ಹಂತ 4: ಕಟ್ಟೆಯ ಮೇಲೆ ನಿಮ್ಮದೇ ಬಾಟ್

ಈ ಹಂತ ಉದ್ದ. ಕೈ ಕೊಡುವುದೂ ಇಲ್ಲೇ ಜಾಸ್ತಿ.

1. ಟೆಲಿಗ್ರಾಂನಲ್ಲಿ ಬಾಟ್‌ಫಾದರ್ ಹುಡುಕಿ. ಹೊಸ ಬಾಟ್ ಮಾಡಿಕೊಡುವ ಟೆಲಿಗ್ರಾಂನದೇ ಬಾಟ್ ಅದು. ನೀಲಿ ಗುರುತು ಇರುವುದೇ ಅಸಲಿ. ಅದಕ್ಕೆ /ನ್ಯೂಬಾಟ್ ಅಂತ ಕಳಿಸಿ. ಮೊದಲು ಹೆಸರು ಕೇಳುತ್ತದೆ, ಕನ್ನಡದಲ್ಲೇ ಕೊಡಬಹುದು. ಆಮೇಲೆ ಯೂಸರ್‌ನೇಮ್. ಅದು ಇಂಗ್ಲಿಷಿನಲ್ಲಿ, ಕೊನೆಗೆ "ಬಾಟ್" ಅಂತಲೇ ಮುಗಿಯಬೇಕು.

2. ಈಗ ಒಂದು ಉದ್ದ ಟೋಕನ್ ಕೊಡುತ್ತದೆ. ಬಾಟ್‌ನ ಕೀಲಿ ಅಂದರೆ ಇದೇ. ಇದು ಸಿಕ್ಕವರು ನಿಮ್ಮ ಬಾಟ್ ಹೆಸರಿನಲ್ಲಿ ಯಾರ ಜೊತೆ ಬೇಕಾದರೂ ಮಾತಾಡಬಹುದು. ನಾನು ಒಮ್ಮೆ ಹೇಳಿಕೊಡುವ ಭರದಲ್ಲಿ ಟೋಕನ್ ಕಾಣುವ ಸ್ಕ್ರೀನ್‌ಶಾಟ್ ಅನ್ನು ನಲವತ್ತು ಜನರ ಗ್ರೂಪಿಗೆ ಹಾಕಿದ್ದೆ. ಸಂದೇಶ ಅಳಿಸಿದರೆ ಸಾಲದು, ನೋಡಿದವರು ನೋಡಿಯಾಗಿರುತ್ತದೆ. ಬಾಟ್‌ಫಾದರ್‌ಗೆ /ರಿವೋಕ್ ಕಳಿಸಿ ಹೊಸ ಟೋಕನ್ ತಗೊಂಡೆ, ಹಳೆಯದು ಆ ಕ್ಷಣವೇ ಸತ್ತಿತು. ನಿಮಗೂ ಹೀಗಾದರೆ ನಾಚಿಕೆ ಪಡದೆ ಅದನ್ನೇ ಮಾಡಿ.

3. ಬಾಟ್‌ಫಾದರ್‌ನಲ್ಲಿ /ಸೆಟ್‌ಪ್ರೈವೆಸಿ ನೋಡಿ, "ಎನೇಬಲ್" ಇರಲಿ. ಮೊದಲಿನಿಂದಲೂ ಹಾಗೇ ಇರುತ್ತದೆ, ಯಾರೋ ಹೇಳಿದರು ಅಂತ ಬದಲಿಸಬೇಡಿ.

4. ಕೆಲಸದ ಕೋಣೆ ಅಂತ, ಒಳಮನೆ ಅಲ್ಲದ, ಬೇರೆ ಒಂದು ಚಿಕ್ಕ ಗ್ರೂಪ್ ಮಾಡಿ. ಅದರಲ್ಲಿ ಹೊಲಿಯುವವರು ಮತ್ತು ಈ ಬಾಟ್ ಮಾತ್ರ. ಬಾಟ್ ಇಲ್ಲಿ ಅಡ್ಮಿನ್ ಅಲ್ಲ, ಬರೀ ಸದಸ್ಯ. ಪ್ರೈವೆಸಿ ಆನ್ ಇದ್ದರೆ ತನ್ನ ಸಂದೇಶಕ್ಕೆ ಬಂದ ಉತ್ತರ, ತನಗೆ ಕೊಟ್ಟ ಆಜ್ಞೆ ಇಷ್ಟನ್ನೇ ಅದು ಓದುತ್ತದೆ. ನೀವು ಒಬ್ಬರಿಗೊಬ್ಬರು ಆಡುವ ಮಾತು ಅದಕ್ಕೆ ಹೋಗುವುದಿಲ್ಲ.

5. ಈ ಬಾಟ್ ಕೆಲಸದ ಕೋಣೆಗೆ ಸೇರಿದ ಮೇಲೆ ಬಾಟ್‌ಫಾದರ್‌ನಲ್ಲಿ /ಸೆಟ್‌ಜಾಯಿನ್‌ಗ್ರೂಪ್ಸ್ "ಡಿಸೇಬಲ್" ಮಾಡಿ. ಆಗ ಬೇರೆ ಯಾರೂ ನಿಮ್ಮ ಬಾಟ್ ಅನ್ನು ತಮ್ಮ ಗ್ರೂಪಿಗೆ ಎಳೆದೊಯ್ಯಲು ಆಗುವುದಿಲ್ಲ.

ಇನ್ನು ಬಾಟ್ ಒಳಗಿನ ಪ್ರೋಗ್ರಾಂ. ಊರಿನಲ್ಲಿ ಪೈಥಾನ್ ಅನ್ನುವ ಪ್ರೋಗ್ರಾಂ ಭಾಷೆ ಕಲಿಯುತ್ತಿರುವ ಹುಡುಗ ಹುಡುಗಿಯರು ಇದ್ದೇ ಇರುತ್ತಾರೆ. ಅವರಿಗೆ ಇಷ್ಟು ಹೇಳಿ: ಗಿರಾಕಿ ಬರೆದದ್ದು ಕೆಲಸದ ಕೋಣೆಗೆ ಬರಬೇಕು. ನಾವು ಆ ಸಂದೇಶಕ್ಕೆ ಉತ್ತರ ಕೊಟ್ಟರೆ ಅದು ಅದೇ ಗಿರಾಕಿಗೆ ಹೋಗಬೇಕು. ಹಾಗಾಗಬೇಕಾದರೆ ಯಾವ ಸಂದೇಶ ಯಾವ ಗಿರಾಕಿಯದು ಅನ್ನುವ ಲೆಕ್ಕವನ್ನು ಪ್ರೋಗ್ರಾಂ ಇಟ್ಟುಕೊಳ್ಳಬೇಕು. ನಮ್ಮ ಉತ್ತರ ಗಿರಾಕಿಗೆ ಹೋಗುವಾಗ "ಫಾರ್ವರ್ಡ್ ಮೆಸೇಜ್" ಬೇಡ, "ಕಾಪಿ ಮೆಸೇಜ್" ಬಳಸಬೇಕು. ಫಾರ್ವರ್ಡ್ ಮಾಡಿದರೆ ಮೇಲೆ ಬರೆದವರ ಹೆಸರು ಬರುತ್ತದೆ. ಒಂದು ಗುಂಪಿನಲ್ಲಿ ಎಲ್ಲ ಸರಿ ಮಾಡಿ ಈ ಒಂದು ಪದದಲ್ಲಿ ತಪ್ಪಿದ್ದರು. ಹೊಲಿಯುವವರ ಹೆಸರು, ಖಾತೆ ಎರಡೂ ಗಿರಾಕಿಗೆ ಕಾಣುತ್ತಿತ್ತು.

ಇದಕ್ಕೆ ಸರ್ವರ್ ಬಾಡಿಗೆಗೆ ಬೇಕಿಲ್ಲ. ಮನೆಯ ಹಳೇ ಕಂಪ್ಯೂಟರಿನಲ್ಲಿ, ಹೊಸ ಸಂದೇಶ ಇದೆಯಾ ಅಂತ ಪ್ರೋಗ್ರಾಂ ತಾನೇ ಟೆಲಿಗ್ರಾಂ ಅನ್ನು ಕೇಳುವ "ಗೆಟ್ ಅಪ್‌ಡೇಟ್ಸ್" ವಿಧಾನದಲ್ಲಿ ನಡೆಯುತ್ತದೆ. ಕರೆಂಟ್ ಹೋದರೆ ಗಾಬರಿ ಬೇಡ. ಬಾಟ್ ಎತ್ತಿಕೊಳ್ಳದ ಸಂದೇಶಗಳನ್ನು ಟೆಲಿಗ್ರಾಂ 24 ಗಂಟೆವರೆಗೆ ಇಟ್ಟುಕೊಂಡಿರುತ್ತದೆ. ಅಷ್ಟರೊಳಗೆ ಕಂಪ್ಯೂಟರ್ ಹಚ್ಚಿ. 409 ಅನ್ನುವ ದೋಷ ಕಂಡರೆ ಒಂದೇ ಟೋಕನ್‌ನಿಂದ ಎರಡು ಕಡೆ ಪ್ರೋಗ್ರಾಂ ಓಡುತ್ತಿದೆ ಅಂತ ಅರ್ಥ. ಎರಡನೆಯದು ನಿಮ್ಮದಲ್ಲ ಅಂದರೆ ಟೋಕನ್ ಕಳುವಾಗಿದೆ, ಕೂಡಲೇ /ರಿವೋಕ್.

ಪ್ರೋಗ್ರಾಂ ಬರೆಯದೆ ಬಾಟ್ ಮಾಡಿಕೊಡುವ ಸೇವೆಗಳೂ ಇವೆ. ಟೋಕನ್ ಅವರಿಗೆ ಕೊಡಬೇಕಾಗುತ್ತದೆ, ಅಂದರೆ ಗಿರಾಕಿ ಬರೆದದ್ದೆಲ್ಲ ಅವರ ಕಂಪ್ಯೂಟರಿನ ಮೂಲಕ ಹೋಗುತ್ತದೆ. ಬ್ಲೌಸ್ ಅಳತೆ, ವಿಳಾಸ ಇವೆಲ್ಲ ಬರುವ ಕಡೆ ನಾನು ಅದನ್ನು ಒಪ್ಪುವುದಿಲ್ಲ. ಪ್ರೋಗ್ರಾಂ ಬರೆಯುವವರು ಸಿಗುವ ತನಕ ಬೇರೆ ಸಿಮ್‌ನಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿ, ಅದರ ಗ್ರೀಟಿಂಗ್ ಮತ್ತು ಅವೇ ಮೆಸೇಜ್ ಬಳಸಿ. ರಾತ್ರಿ ಎಂಟರ ಮೇಲೆ ಬಂದವರಿಗೆ "ನಾಳೆ ಬೆಳಿಗ್ಗೆ ಉತ್ತರ ಕೊಡುತ್ತೇವೆ" ಅಂತ ತಾನಾಗಿ ಹೋಗುತ್ತದೆ. ಆ ಸಿಮ್‌ನ ನಂಬರ್ ಕಾಣುತ್ತದೆ, ಮನೆಯ ನಂಬರ್ ಉಳಿಯುತ್ತದೆ.

ಬಾಟ್ ಏನು ಕೇಳಬೇಕು ಅನ್ನುವುದನ್ನೂ ಮೊದಲೇ ತೀರ್ಮಾನ ಮಾಡಿ. ಮೊದಲು ವಸ್ತು, ಅಳತೆ, ಬಣ್ಣ. ವಿಳಾಸವನ್ನು ಆರ್ಡರ್ ಗಟ್ಟಿಯಾದ ಮೇಲೆ ಕೇಳಿ. ಕೊರಿಯರ್‌ಗೆ ಗಿರಾಕಿಯ ಫೋನ್ ನಂಬರ್ ಬೇಕು, ಅದನ್ನೂ ಆಗಲೇ. ಪಾರ್ಸೆಲ್ ಮುಟ್ಟಿದ ಮೇಲೆ ಎರಡನ್ನೂ ಅಳಿಸಿ. ಅವರ ನಂಬರ್ ಅಂದರೆ ಅವರ ಮನೆಯ ಬಾಗಿಲು ಅಲ್ವಾ? ಪಾರ್ಸೆಲ್ ಮೇಲೆ ಕಳಿಸುವವರ ನಂಬರ್ ಬರೆಯುವಾಗ ವ್ಯಾಪಾರದ ಸಿಮ್‌ನದೇ ಬರೆಯಿರಿ.

## ಹಂತ 5: ಕಳ್ಳರ ಹಾಗೆ ನುಗ್ಗಿ ನೋಡಿ

ಇನ್ನೊಬ್ಬರ ಫೋನ್ ತಗೊಳ್ಳಿ. ಅದರಲ್ಲಿ ನಿಮ್ಮ ನಂಬರ್ ಸೇವ್ ಆಗಿರಬಾರದು. ಲಿಂಕ್ ಒತ್ತಿ ಗ್ರೂಪಿಗೆ ಬರಲು ನೋಡಿ, ಒಪ್ಪಿಗೆ ಕೇಳಿತಾ? ಒಳಗೆ ಬಂದ ಮೇಲೆ ಕ್ಯಾಪ್ಚಾ ಬಂತಾ? ಒಂದು ಲಿಂಕ್ ಹಾಕಿ, ಒಂದು ಫಾರ್ವರ್ಡ್ ಹಾಕಿ, ಫೈಲ್ ಕಳಿಸಲು ನೋಡಿ, ಸಾಲಾಗಿ ಹತ್ತು ಸಂದೇಶ ಸುರಿಯಿರಿ. ಅಡ್ಮಿನ್‌ಗಳ ಹೆಸರು ಒತ್ತಿ ನಂಬರ್ ಕಾಣುತ್ತದಾ ನೋಡಿ. ಬಾಟ್‌ಗೆ ಒಂದು ಆರ್ಡರ್ ಕೊಟ್ಟು, ಉತ್ತರದ ಮೇಲೆ ಯಾರ ಹೆಸರೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಒಂದೇ ಒಂದು ತಪ್ಪಿದರೂ ಮುಂದೆ ಹೋಗಬೇಡಿ.

## ಹಂತ 6: ಜನರನ್ನು ಐದೈದಾಗಿ ಬಿಡಿ

ಹಳೇ ಗಿರಾಕಿಗಳಲ್ಲಿ ನಂಬಿಕೆ ಇರುವ ಐದು ಜನ ಮೊದಲು. ಎರಡು ದಿನ ನೋಡಿ, ಆಮೇಲೆ ಇನ್ನೈದು. ಸೇರಲು ಕೇಳಿದವರ ಪಟ್ಟಿಯನ್ನು ಕಣ್ಣು ಮುಚ್ಚಿ ಒಪ್ಪಬೇಡಿ. ಗುರುತು ಸಿಗದಿದ್ದರೆ ಮೊದಲು ಕಟ್ಟೆ ಬಾಟ್‌ಗೆ ಬರಲು ಹೇಳಿ, ಯಾರು ಹೇಳಿ ಬಂದಿರಿ ಅಂತ ಕೇಳಿ. ಸರಿಯಾದ ಗಿರಾಕಿ ಬೇಜಾರು ಮಾಡಿಕೊಳ್ಳುವುದಿಲ್ಲ.

## ಹಂತ 7: ವಿಡಿಯೋ ಕೋಣೆ

ಕೌದಿ ಕೊಳ್ಳುವವರು ಹೊಲಿಗೆ ಹತ್ತಿರದಿಂದ ನೋಡಬೇಕು ಅನ್ನುತ್ತಾರೆ, ಅದು ನ್ಯಾಯ. ಆದರೆ ವಾಟ್ಸಾಪ್ ಕಾಲ್ ಮಾಡಿದರೆ ಇಷ್ಟು ಹೊತ್ತು ಮುಚ್ಚಿಟ್ಟ ನಂಬರ್ ಹೊರಗೆ ಹೋಗುತ್ತದೆ. ಅದಕ್ಕೆ ಜಿಟ್ಸಿ ಮೀಟ್ ಅನ್ನುವ ವಿಡಿಯೋ ಕಾಲ್ ಸೇವೆ ಬಳಸಿ. ಬರುವವರಿಗೆ ಖಾತೆ ಬೇಡ, ನಂಬರ್ ಬೇಡ. ಕೋಣೆ ತೆರೆಯುವವರು ಮಾತ್ರ ಲಾಗಿನ್ ಆಗಬೇಕು. 2023ರ ಆಗಸ್ಟ್‌ನಿಂದ ಅವರ ಸಾರ್ವಜನಿಕ ಸೇವೆಯಲ್ಲಿ ಈ ನಿಯಮ ಇದೆ. ಲಾಗಿನ್‌ಗೆ ವ್ಯಾಪಾರದ ಇಮೇಲ್ ಬಳಸಿ, ಕಾಣುವ ಹೆಸರು ಗುಂಪಿನದಿರಲಿ.

ಕೋಣೆಯ ಹೆಸರು "ಕೊಪ್ಪಳ ಕೌದಿ" ಅಂತ ಇಡಬೇಡಿ. ಹೆಸರು ಊಹಿಸಿದವರು ನೇರ ಒಳಗೆ ಬರಬಹುದು. ಸಂಬಂಧವಿಲ್ಲದ ನಾಲ್ಕು ಪದ, ನಡುವೆ ಅಂಕಿ ಸೇರಿಸಿ, ಪ್ರತಿ ಸಲ ಹೊಸದು. ಒಳಗೆ ಹೋದ ಕೂಡಲೇ ಸೆಕ್ಯುರಿಟಿ ಆಯ್ಕೆಯಲ್ಲಿ ಲಾಬಿ ಆನ್ ಮಾಡಿ, ಪಾಸ್‌ವರ್ಡ್ ಹಾಕಿ. ಬಂದವರು ಹೊರಗೆ ಕಾಯುತ್ತಾರೆ, ನೀವು ಒಪ್ಪಿದ ಮೇಲೆ ಒಳಗೆ.

ಕ್ಯಾಮೆರಾ ತಿರುಗಿಸುವ ಮೊದಲು ನಿಮ್ಮ ಹಿಂದಿನ ಗೋಡೆ ನೋಡಿ. ಒಮ್ಮೆ ಒಬ್ಬರು ಕೌದಿಯ ಅಂಚನ್ನು ಎತ್ತಿ ಹಿಡಿದು ಚುಕ್ಕಿ ಹೊಲಿಗೆ ತೋರಿಸುತ್ತಿದ್ದರು. ಕೆಂಪು ಸೀರೆ ತುಂಡು, ಅದರ ಮೇಲೆ ಬಿಳಿ ದಾರ, ಬಹಳ ಚೆಂದ ಕಾಣುತ್ತಿತ್ತು. ಹಿಂದೆ ಮೊಳೆಗೆ ಮಗಳ ಶಾಲೆಯ ಐಡಿ ಕಾರ್ಡ್ ತೂಗುತ್ತಿತ್ತು. ಹೆಸರು, ತರಗತಿ, ತಂದೆಯ ನಂಬರ್, ಎಲ್ಲ ಓದಲು ಬರುತ್ತಿತ್ತು. ಈಗ ಅವರು ಗೋಡೆಗೆ ಒಂದು ಬಿಳಿ ಬೆಡ್‌ಶೀಟ್ ಕಟ್ಟಿ ಅದರ ಮುಂದೆ ತೋರಿಸುತ್ತಾರೆ. ಬಟ್ಟೆಯ ಬಣ್ಣವೂ ಅದರ ಮುಂದೆ ಚೆನ್ನಾಗಿ ಕಾಣುತ್ತದೆ.

ಗಿರಾಕಿ "ಸ್ಕ್ರೀನ್ ಶೇರ್ ಮಾಡಿ, ಹಣ ಹಾಕುವುದನ್ನು ತೋರಿಸುತ್ತೇನೆ" ಅಂದರೆ ಕಾಲ್ ಕಡಿಯಿರಿ. ನಿಮ್ಮ ಪರದೆ ಬೇರೆಯವರಿಗೆ ಕಾಣುವಾಗ ಬಂದ ಒಟಿಪಿಯೂ ಅವರಿಗೆ ಕಾಣುತ್ತದೆ.

## ಈ ಲಕ್ಷಣ ಕಂಡರೆ ಅಲ್ಲೇ ನಿಲ್ಲಿಸಿ

ಹಣ ಬರುತ್ತದೆ, ಯುಪಿಐ ಪಿನ್ ಹಾಕಿ ಅನ್ನುತ್ತಾರೆ. ಹಣ ಪಡೆಯಲು ಪಿನ್ ಬೇಡವೇ ಬೇಡ. ಪಿನ್ ಹಾಕಿದರೆ ಹಣ ಹೋಗುವುದು ನಿಮ್ಮ ಖಾತೆಯಿಂದ.

ನೀವು ಯಾವತ್ತೂ ಸ್ಟಾರ್ಟ್ ಒತ್ತದ, ಯಾವ ಗ್ರೂಪಿಗೂ ಸೇರಲು ಕೇಳದ ಕಡೆಯಿಂದ "ನಾನು ಬಾಟ್" ಅಂತ ಮೊದಲ ಮೆಸೇಜ್ ಬರುತ್ತದೆ. ಟೆಲಿಗ್ರಾಂನಲ್ಲಿ ಬಾಟ್ ತಾನಾಗಿ ಮಾತು ಶುರು ಮಾಡಲು ಆಗುವುದಿಲ್ಲ. ಅದರ ಹಿಂದೆ ಇರುವುದು ಮನುಷ್ಯ.

ಅಡ್ಮಿನ್ ಫೋಟೋ, ಅಡ್ಮಿನ್ ಹೆಸರು, ಆದರೆ ಖಾಸಗಿ ಮೆಸೇಜ್, ಅದರಲ್ಲಿ ಹಣದ ಮಾತು. ಹೆಸರು, ಫೋಟೋ ಯಾರು ಬೇಕಾದರೂ ಇಡಬಹುದು. ಯೂಸರ್‌ನೇಮ್ ನೋಡಿ.

ಪೊಲೀಸ್ ಬಟ್ಟೆಯಲ್ಲಿ ವಿಡಿಯೋ ಕಾಲ್ ಮಾಡಿ "ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಕಾಲ್ ಕಡಿಯಬೇಡಿ" ಅನ್ನುತ್ತಾರೆ. ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ಮನ್ ಕಿ ಬಾತ್‌ನಲ್ಲಿ ಇದನ್ನು ಹೇಳಿದ್ದಾರೆ. ಕಡಿಯಿರಿ.

## ಹಾನಿ ಆಗಿಬಿಟ್ಟಿದ್ದರೆ

ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮನೆಯವರಿಗೆ ಹೇಳುವುದೋ ಬೇಡವೋ ಅಂತ ಯೋಚಿಸುತ್ತಾ ಸಂಜೆ ಮಾಡಬೇಡಿ. ಹಣ ಮುಂದಿನ ಖಾತೆಗಳಿಗೆ ಹಾರುವ ಮೊದಲು ತಡೆಯಲು ಆಗುವುದು ಮೊದಲ ಗಂಟೆಗಳಲ್ಲೇ. ಆಮೇಲೆ ಬ್ಯಾಂಕ್, ಆಮೇಲೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ಲಿಖಿತ ದೂರು. ಜಿಲ್ಲೆಯಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗೂ ಹೋಗಬಹುದು. ಹೆಣ್ಮಕ್ಕಳ, ಮಕ್ಕಳ ಮೇಲಿನ ಅಶ್ಲೀಲ ಕಾಟದ ದೂರನ್ನು ಆ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ಕೊಡಬಹುದು. ಮಕ್ಕಳ ವಿಷಯಕ್ಕೆ 1098 ಸಹಾಯವಾಣಿ ಇದೆ.

ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ, ಗ್ರೂಪ್ ಮುಚ್ಚಬೇಡಿ. ಮೊದಲು ಸ್ಕ್ರೀನ್‌ಶಾಟ್. ಅದರಲ್ಲಿ ಯೂಸರ್‌ನೇಮ್, ದಿನಾಂಕ, ಸಮಯ ಕಾಣಬೇಕು. ಬರೀ ಹೆಸರು ಇದ್ದರೆ ಅವರು ಐದು ನಿಮಿಷದಲ್ಲಿ ಬದಲಿಸುತ್ತಾರೆ. ಗ್ರೂಪಿನ "ರೀಸೆಂಟ್ ಆ್ಯಕ್ಷನ್ಸ್"ನಲ್ಲಿ ಅಳಿಸಿದ ಸಂದೇಶ, ಹೊರಹಾಕಿದವರ ವಿವರ ಇರುತ್ತದೆ, ಆದರೆ 48 ಗಂಟೆ ಮಾತ್ರ. ಅದನ್ನೂ ಅಷ್ಟರೊಳಗೆ ತೆಗೆದಿಡಿ. ಆಮೇಲೆ ಡಿವೈಸಸ್‌ನಲ್ಲಿ ಉಳಿದೆಲ್ಲ ಲಾಗಿನ್ ಮುಗಿಸಿ, ಪಾಸ್‌ವರ್ಡ್ ಬದಲಿಸಿ, ಬಾಟ್‌ನ ಟೋಕನ್ ರಿವೋಕ್ ಮಾಡಿ, ಹಳೇ ಇನ್ವೈಟ್ ಲಿಂಕ್ ಎಲ್ಲ ರದ್ದು ಮಾಡಿ.

ನಿಮ್ಮ ಹೆಸರಿನಲ್ಲಿ ನಿಮಗೆ ಗೊತ್ತಿಲ್ಲದ ಸಿಮ್ ಇದೆಯಾ ಅಂತ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನೋಡಬಹುದು. ಇದ್ದರೆ ಅಲ್ಲೇ "ನನ್ನದಲ್ಲ" ಅಂತ ತಿಳಿಸಿ.

## ತಿಂಗಳಿಗೊಮ್ಮೆ

ನಮ್ಮ ಗುಂಪಿನವರು ಅಮಾವಾಸ್ಯೆ ದಿನ ಹೊಲಿಗೆಗೆ ರಜೆ ಮಾಡುತ್ತಾರೆ. ಆ ದಿನ ಮಧ್ಯಾಹ್ನ ಇಬ್ಬರು ಅಡ್ಮಿನ್‌ಗಳು ಕೂತು ಐದು ಕೆಲಸ ಮಾಡುತ್ತಾರೆ. ಡಿವೈಸಸ್ ಪಟ್ಟಿ ನೋಡುವುದು, ಅಡ್ಮಿನ್ ಪಟ್ಟಿ ನೋಡುವುದು, ಹಳೇ ಲಿಂಕ್ ರಿವೋಕ್ ಮಾಡುವುದು, ಕಳಿಸಿ ಮುಗಿದ ಆರ್ಡರ್‌ಗಳ ವಿಳಾಸ ಅಳಿಸುವುದು, ಹಂತ 5ರ ಪರೀಕ್ಷೆಯನ್ನು ಇನ್ನೊಮ್ಮೆ ಮಾಡುವುದು. ಇಪ್ಪತ್ತು ನಿಮಿಷ ಹಿಡಿಯುತ್ತದೆ. ಫೋನ್ ಬದಲಿಸಿದ ತಿಂಗಳು ಮಾತ್ರ ಹಂತ 1ನ್ನು ಪೂರ್ತಿ ಮೊದಲಿಂದ ನೋಡಿ.